ಹೋಗಿ ಬನ್ನಿ ಅಂದರೆ ಬಂದೇಬಿಟ್ಟರು

ಇದನ್ನು ಬರೆಯುವಾಗಲೂ ನನಗೆ ಅರ್ಧ ಹೆದರಿಕೆ, ಇನ್ನರ್ಧ ನಗು. ತರೀಕೆರೆಯ ನೋಂದಣಿ ಕಚೇರಿಯ ಹೊರಗೆ ಮೂವತ್ತು ವರ್ಷ ಮೇಜು ಹಾಕಿಕೊಂಡು ಪತ್ರ ಬರೆದವನು ನಾನು. ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ, ವಿಭಾಗಪತ್ರ. ಸಾಕ್ಷಿ ಸಿಗದೆ ಪರದಾಡುವವರಿಗೆ ಸಾಕ್ಷಿಯಾಗಿ ರುಜುವನ್ನೂ ಹಾಕಿದ್ದೇನೆ. ಆ ಕೆಲಸ ಕಲಿಸುವುದು ಒಂದೇ ಪಾಠ: ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದ ಹಾಗೇ ಹೇಳಬೇಕು. ನಮ್ಮ ಮನೆಯ ಮೇಲಂತಸ್ತಿನಲ್ಲಿ ನಡೆದದ್ದನ್ನೂ ಹಾಗೆಯೇ ಬರೆಯುತ್ತೇನೆ. ನಿಧಾನವಾದರೆ ಓದುವವರು ಕ್ಷಮಿಸಬೇಕು.

ಮನೆ ನಮ್ಮ ತಂದೆಯದು. ವಿಭಾಗದಲ್ಲಿ ಕೆಳಗಿನದು ನನಗೆ, ಮೇಲಂತಸ್ತು ನನ್ನ ಅಕ್ಕನಿಗೆ ಬಂತು. ಅಕ್ಕನನ್ನು ಎಲ್ಲರೂ ಆಪಾ ಎನ್ನುತ್ತೇವೆ. ಆಪಾ ಅಜ್ಜಂಪುರದ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತರಾದವರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ನಮ್ಮ ಜೊತೆ ಕೆಳಗೇ, ಬೀದಿಬಾಗಿಲಿನ ಪಕ್ಕದ ಕೋಣೆಯಲ್ಲಿ ಇದ್ದಾರೆ. ಕೋಣೆಯ ಮುಂದೆ ಅವರ ಬೆತ್ತದ ಕುರ್ಚಿ. ಅದರಲ್ಲಿ ಕೂತರೆ ಯಾರು ಬಂದರು, ಯಾರು ಹೋದರು, ಯಾರ ಮಾತಿನಲ್ಲಿ ಅಕಾರ ಹಕಾರ ಅದಲುಬದಲಾಯಿತು, ಎಲ್ಲಾ ಅವರಿಗೆ ತಿಳಿಯುತ್ತದೆ.

ನಮ್ಮ ಮನೆಮಾತು ದಖ್ನಿ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಎರಡು ಮಾತನ್ನು ಮಾತ್ರ ದಖ್ನಿಯಲ್ಲೇ ಇಡಬೇಕಾಗಿದೆ. ಅನಾಹುತವೆಲ್ಲ ಆದದ್ದು ಆ ಎರಡು ಮಾತಿನಿಂದ.

ಮೇಲಂತಸ್ತು ಬಹಳ ದಿನದಿಂದ ಖಾಲಿ ಇತ್ತು. ಪೇಟೆಯ ಪ್ಲಾಸ್ಟಿಕ್ ಸಾಮಾನಿನ ವ್ಯಾಪಾರಿಯೊಬ್ಬರು ಅದನ್ನು ಗೋದಾಮಿಗೆ ಕೇಳುತ್ತಿದ್ದರು. ಬಕೆಟ್ಟು, ಕೊಡ, ಚೇರು ತುಂಬಲು. ಆಪಾಗೆ ಅದು ಒಪ್ಪಿಗೆಯಾಗಿತ್ತು. ಕೊಡಗಳು ರಾತ್ರಿ ಸದ್ದು ಮಾಡುವುದಿಲ್ಲ, ಬಿಸಿನೀರು ಕೇಳುವುದಿಲ್ಲ ಎನ್ನುವುದು ಅವರ ವಾದ. ಆಗ ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದು, ಕೈ ಒರೆಸಿಕೊಂಡು, ಕುರ್ಚಿಯ ಮುಂದೆ ನಿಂತಳು.

"ಆಪಾ, ಮೇಲಿನ್ ಮನೆ ನನಗೆ ಕೊಡಿ. ಹೆಬ್ಬೆ ಫಾಲ್ಸ್ ನೋಡಕ್ ಬರೋರಿಗೆ ದಿನದ ಲೆಕ್ಕದಾಗೆ ಕೊಡ್ತೀನಿ."

"ಗುರುತು ಪರಿಚಯ ಇಲ್ದೋರ್ನ ಮನೇಲಿ ಮಲಗಿಸ್ತೀಯಾ?"

"ನಾನಂತೂ ಎಲ್ಲಿಗೂ ಹೋಗ್ಲಿಲ್ಲ ಆಪಾ. ಬರೋರ್ನಾದ್ರೂ ನೋಡ್ತೀನಿ."

ಅವಳು ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಕಡೂರಿನ ತವರಿನಿಂದ ಇಲ್ಲಿಗೆ, ಇಲ್ಲಿಂದ ಮತ್ತೆ ಕಡೂರಿಗೆ, ಅಷ್ಟೇ ಅವಳ ಓಡಾಟ. ಇಷ್ಟು ವರ್ಷದಲ್ಲಿ ಅವಳು ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಪಾಗೂ ಅದು ಹೊಳೆದಿರಬೇಕು. ಇಲ್ಲ ಎನ್ನಲಿಲ್ಲ. ನನ್ನನ್ನು ಕರೆದು, "ಕರಾರು ಬರಿ" ಎಂದರು.

ಬರೆದೆ. ಅವಧಿ ಒಂದು ತಿಂಗಳು. ಷರತ್ತು ಒಂದೇ, ಆಪಾ ಹೇಳಿ ಬರೆಸಿದ್ದು: "ಸದರಿ ಅವಧಿಯಲ್ಲಿ ಒಬ್ಬ ಅತಿಥಿಯಾದರೂ ತಂಗಲು ಜಾಗವಿಲ್ಲದೆ ಈ ಮನೆಯ ಬಾಗಿಲಲ್ಲಿ ನಿಂತದ್ದೇ ಆದಲ್ಲಿ ಈ ಕರಾರು ರದ್ದಾಗತಕ್ಕದ್ದು, ಮೇಲಂತಸ್ತನ್ನು ಗೋದಾಮಿಗೆ ಕೊಡತಕ್ಕದ್ದು." ಅತಿಥಿ ಎಂದು ಕರೆಸಿಕೊಂಡವರು ಬಾಗಿಲಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ನಮ್ಮ ತಂದೆಯ ಮನೆಗೆ ಇನ್ನೊಂದಿಲ್ಲ ಎಂದರು. ಹೆಂಡತಿ ರುಜು ಹಾಕಿದಳು. ಆಪಾ ಹಾಕಿದರು. ಸಾಕ್ಷಿ ನಾನು.

ಹೋಂಸ್ಟೇಗೆ ಬೇಕಾದ ಅರ್ಜಿ, ಕಾಗದಪತ್ರ ನನಗೆ ನೀರು ಕುಡಿದ ಹಾಗೆ. ತೊಡಕಾದದ್ದು ಮೊಬೈಲಿನಲ್ಲಿ ಮನೆಯ ವಿವರಣೆ ಬರೆಯುವಾಗ. "ನಿಮ್ಮ ಜಾಗದ ಬಗ್ಗೆ ಹೇಳಿ" ಎಂದು ಅದು ಕೇಳುತ್ತಿತ್ತು. ಜಾಗದ ಬಗ್ಗೆ ಹೇಳಲು ನನಗೆ ಬರುವುದು ಒಂದೇ ರೀತಿ. ಹೀಗೆ ಬರೆದೆ:

"ತರೀಕೆರೆ ಪಟ್ಟಣದಲ್ಲಿರುವ ಆರ್‌ಸಿಸಿ ಮನೆಯ ಮೇಲಂತಸ್ತು. ಇದಕ್ಕೆ ಚಕ್ಕುಬಂದಿ: ಪೂರ್ವಕ್ಕೆ ಸಾರ್ವಜನಿಕ ರಸ್ತೆ, ಪಶ್ಚಿಮಕ್ಕೆ ಸೀಬೆಮರವುಳ್ಳ ಹಿತ್ತಲು, ಉತ್ತರಕ್ಕೆ ಹಿಟ್ಟಿನ ಗಿರಣಿ, ದಕ್ಷಿಣಕ್ಕೆ ಓಣಿ ಮತ್ತು ದೂರದಲ್ಲಿ ಬೆಟ್ಟ. ಈ ಮಧ್ಯೆ ಇರುವ ಸ್ವತ್ತಿನ ಮೇಲೆ ಯಾವುದೇ ಋಣಭಾರ, ತಂಟೆ, ತಕರಾರು ಇರುವುದಿಲ್ಲ. ಬಂದವರು ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು."

ಹೆಂಡತಿ ಓದಿ ತಲೆಯ ಮೇಲೆ ಕೈ ಇಟ್ಟುಕೊಂಡಳು. "ರೀ, ಮಕ್ಳು ಮೊಮ್ಮಕ್ಳು ಎಲ್ಲಾ ಬಂದು ಉಳ್ಕಂಡ್ರೆ ನಾವೆಲ್ಲಿಗೆ ಹೋಗಣ?" ಪುತ್ರ ಪೌತ್ರರನ್ನು ತೆಗೆದೆ. ಉಳಿದದ್ದು ಹಾಗೇ ಹೋಯಿತು. ಆಪಾ ಅಕ್ಷರ ನೋಡಿ, ತಪ್ಪಿಲ್ಲ ಎಂದರು.

ಮೂರನೆಯ ದಿನ ಮೊದಲ ಫೋನು ಬಂತು. ನನ್ನ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು, ಮನೆಯವರೆಲ್ಲ ಕೇಳಿಸಿಕೊಂಡರು. ಅಜ್ಜಂಪುರದ ಈರುಳ್ಳಿ ವ್ಯಾಪಾರಿಯಂತೆ.

"ಸಾಬ್ರೇ, ಮನೆ ನೋಡ್ದೆ. ಖಾತೆ ಯಾರ್ ಹೆಸರ್ನಾಗೈತೆ?"

"ಮಾರೋದಲ್ಲ ಸ್ವಾಮಿ. ಒಂದೆರಡು ದಿನ ಉಳ್ಕಳಕ್ಕೆ ಕೊಡೋದು."

"ಎಲ್ಡ್ ದಿನ ಇರಕ್ಕೆ ಚಕ್ಕುಬಂದಿ ಯಾಕ್ರೀ? ಎಲ್ಡ್ ದಿನದಾಗೆ ಯಾವನು ಒತ್ತುವರಿ ಮಾಡ್ತಾನೆ?"

ಹೆಂಡತಿ ಅಡಿಗೆಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಆಪಾ ಮಾತ್ರ ಗಂಭೀರವಾಗಿ, "ಪ್ರಶ್ನೆ ಸರಿಯಾಗಿದೆ" ಎಂದರು.

ಆ ವಾರದಲ್ಲೇ ಕಡೂರಿನಲ್ಲಿ ಹತ್ತಿಹಾಸಿಗೆ ಹೊಲಿಯುವ ನನ್ನ ಹೆಂಡತಿಯ ಅಣ್ಣ ಎರಡು ಜೋಡಿ ಹೊಸ ಹಾಸಿಗೆ ತಂದುಕೊಟ್ಟ. ಒಂದು ಜೋಡಿ ಮೇಲೆ ಹೋಯಿತು. ಇನ್ನೊಂದು ಜೋಡಿಯನ್ನು ಆಪಾರ ಕೋಣೆಯಲ್ಲಿ ಸುತ್ತಿಟ್ಟೆವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಬಂದವರು ಭೋಪಾಲಿನ ಮೂವರು ಹೆಂಗಸರು. ಮೂವರೂ ನರ್ಸುಗಳು, ಐವತ್ತು ದಾಟಿದ ಗೆಳತಿಯರು. ಒಬ್ಬರು ಬಹಳ ಎತ್ತರ, ಒಬ್ಬರು ಕನ್ನಡಕದವರು, ಒಬ್ಬರು ಯಾವುದಕ್ಕೂ ನಗುವವರು. ನಮ್ಮ ಮನೆಯನ್ನೇ ಏಕೆ ಆರಿಸಿದಿರಿ ಎಂದು ಹೆಂಡತಿ ತನ್ನ ದಖ್ನಿಯಲ್ಲಿ ಕೇಳಿದಳು. ಉಳಿದವರೆಲ್ಲ ತಮ್ಮದು ಸ್ವರ್ಗ ಎಂದು ಬರೆದಿದ್ದಾರೆ, ಮೊಬೈಲಿನ ಅನುವಾದದಲ್ಲಿ ಓದಿದೆವು, ನೀವೊಬ್ಬರೇ ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದೆ ಎಂದು ಬರೆದವರು, ಅದಕ್ಕೇ ನಂಬಿಕೆ ಬಂತು ಎಂದು ಕನ್ನಡಕದವರು ಹಿಂದಿಯಲ್ಲಿ ಹೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗಿರಣಿಯ ಕಡೆ ನೋಡಿದಳು.

ಒಂದು ರಾತ್ರಿಯ ಬುಕಿಂಗ್. ಮರುದಿನ ಬೆಳಗ್ಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದರು. ನಗುವವರು ಐದನೆಯ ರೊಟ್ಟಿಗೂ ನಕ್ಕರು. ಹನ್ನೊಂದು ಗಂಟೆಗೆ ಚೆಕ್ ಔಟ್. ಮಧ್ಯಾಹ್ನಕ್ಕೆ ದಾವಣಗೆರೆಯಿಂದ ಗಂಡ ಹೆಂಡತಿ ಇಬ್ಬರು ಬರುವುದಿತ್ತು. ಈ ಮೂವರು ಹೆಬ್ಬೆ ನೋಡಿಕೊಂಡು, ಸಂಜೆ ಬಂದು ಬ್ಯಾಗ್ ತೆಗೆದುಕೊಂಡು, ಬೀರೂರಿನಲ್ಲಿ ರೈಲು ಹತ್ತುವುದೆಂದು ಮೊದಲೇ ಹೇಳಿದ್ದರು. ಬ್ಯಾಗುಗಳನ್ನು ಹೆಂಡತಿ ಆಪಾರ ಮಂಚದ ಕೆಳಗೆ ಇಡಿಸಿದಳು.

ಈಗ ಯಾರಾದರೂ "ನಿಮ್ಮ ಅವಧಿ ಮುಗಿಯಿತು, ಕೋಣೆ ಬಿಟ್ಟುಕೊಡಿ" ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಯಜಮಾನನಾದ ನಾನೇ ಹೇಳಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಹಿಂದಿಯಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಜೀಪು ಬಂದು ನಿಂತಿತು. ಮೂರು ಸಲ ಗಂಟಲು ಸರಿಮಾಡಿಕೊಂಡೆ. ಎತ್ತರದವರು ಕೆಮ್ಮಿಗೆ ಔಷಧ ಬೇಕೇ ಎಂದು ಕೇಳಿದರು. ವಾಕ್ಯ ಮರೆತುಹೋಯಿತು.

ನಮ್ಮ ಕಡೆ ಹೊರಟವರು "ಹೋಗ್ತೀನಿ" ಎನ್ನುವುದಿಲ್ಲ, "ಬತ್ತೀನಿ" ಎನ್ನುತ್ತಾರೆ. ಕಳಿಸುವವರೂ "ಹೋಗಿ" ಎನ್ನುವುದಿಲ್ಲ, "ಹೋಗಿ ಬನ್ನಿ" ಎನ್ನುತ್ತಾರೆ. ದಖ್ನಿಯಲ್ಲೂ ಅಷ್ಟೇ. ಬರೀ "ಹೋಗು" ಎನ್ನುವುದು ಜಗಳವಾಡಿದವರಿಗೆ. ಹಾಗಾಗಿ ಆಪಾ ಕುರ್ಚಿಯಲ್ಲಿ ಕೂತಲ್ಲಿಂದಲೇ, ನಲವತ್ತು ವರ್ಷದಿಂದ ಎಲ್ಲ ನೆಂಟರಿಗೂ ಹೇಳಿದ್ದನ್ನೇ ಹೇಳಿದರು:

"ಜಾಕೋ ಆವ್ ಅಮ್ಮಾ."

ಹೋಗಿ ಬನ್ನಿ. ಅಷ್ಟೇ. ಆದರೆ ಹಿಂದಿಯವರ ಕಿವಿಗೆ ಅದು "ಹೋಗಿಬಿಟ್ಟು ವಾಪಸ್ಸು ಬನ್ನಿ" ಎಂದೇ ಬೀಳುತ್ತದೆ. ಮೂವರೂ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವತ್ತೇನಾ?" ಎಂದು ಕನ್ನಡಕದವರು ಕೇಳಿದರು. ಆಪಾ ಅದನ್ನು ದಾಕ್ಷಿಣ್ಯದ ಮಾತೆಂದುಕೊಂಡು, ಇನ್ನೂ ದೊಡ್ಡ ದಾಕ್ಷಿಣ್ಯ ತೋರಿಸಿದರು. ಯಾವಾಗ ಬೇಕಾದರೂ ಬನ್ನಿ ಎಂದು ಹೇಳಿ, ಕೊನೆಗೆ, "ತುಮಾರಾಚ್ ಘರ್ ಹೈ" ಎಂದರು. ನಿಮ್ಮದೇ ಮನೆ.

ನಗುವವರು ನಗುವುದನ್ನು ನಿಲ್ಲಿಸಿ ಆಪಾರ ಕೈ ಹಿಡಿದುಕೊಂಡರು. ಎತ್ತರದವರು ಫೋನ್ ತೆಗೆದು ಏನೋ ಒತ್ತುತ್ತಾ ಜೀಪು ಹತ್ತಿದರು. ಆಗ ಏನು ಒತ್ತಿದರೆಂದು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಬೀರೂರಿನ ರೈಲಿನ ಟಿಕೆಟ್ ರದ್ದು ಮಾಡಿದ್ದರು.

ಮಧ್ಯಾಹ್ನ ಮೇಲಿನ ಮನೆಯ ಕೀಲಿಕೈ ಮೊಳೆಯಲ್ಲಿ ಇರಲಿಲ್ಲ. ನರ್ಸುಗಳು ಮರೆತು ಒಯ್ದಿರಬೇಕು ಎಂದುಕೊಂಡು ಎರಡನೆಯ ಕೀಲಿಕೈ ತೆಗೆದೆ. ಸಾಕ್ಷಿಯಾದವನಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ದಾವಣಗೆರೆಯವರು ಹೊಸದಾಗಿ ಮದುವೆಯಾದವರು. ಗಂಡಿನ ಕೈಯಲ್ಲಿ ಇನ್ನೂ ಕಂಕಣ ಇತ್ತು. ನನ್ನ ಹೆಂಡತಿ ಹಾಸಿಗೆಗೆ ಹೊಸ ಹೊದಿಕೆ ಹಾಕಿ ಮಲ್ಲಿಗೆ ಇಟ್ಟು ಬಂದಿದ್ದಳು. ಅವರು ಊಟ ಮಾಡಿ, ಮೇಲೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡರು.

ಸಂಜೆಯ ಮಗ್ರಿಬ್ ಅಜಾನ್ ಮುಗಿಯುವ ಹೊತ್ತಿಗೆ ಜೀಪು ಬಂತು. ಮೂವರು ನರ್ಸುಗಳು ತೊಯ್ದು ತೊಪ್ಪೆಯಾಗಿದ್ದರು. ಜಲಪಾತದ ಕೆಳಗೇ ನಿಂತಿದ್ದರಂತೆ. ನಮ್ಮನ್ನು ನೋಡಿ ಕೈ ಬೀಸಿ, ಹಾಡು ಹೇಳುತ್ತಾ, ನೇರವಾಗಿ ಮೆಟ್ಟಿಲು ಹತ್ತಿದರು. ಬ್ಯಾಗು ಇರುವುದು ಕೆಳಗೆ, ಇವರೇಕೆ ಮೇಲೆ ಹೋಗುತ್ತಿದ್ದಾರೆ ಎಂದು ಯೋಚಿಸುತ್ತಾ ನಾನೂ ಹಿಂದೆ ಹೋದೆ. ಅವರು ಕೀಲಿಕೈ ತಿರುಗಿಸಿದರು. ಬಾಗಿಲು ತೆರೆಯಲಿಲ್ಲ. ಬಡಿದರು.

ಬಾಗಿಲು ತೆರೆದವನು ಮದುಮಗ. ಲುಂಗಿ, ಬನಿಯನ್ನು. ಎತ್ತರದವರು ಯಾರು ನೀವು ಎಂದು ಹಿಂದಿಯಲ್ಲಿ ಕೇಳಿದರು. ಪಾಪ, ಅವನು ಗಾಬರಿಯಲ್ಲಿ ಇದ್ದದ್ದನ್ನೇ ಹೇಳಿದ: "ನಾನು... ಮದುಮಗ ರೀ."

ಒಳಗಿನಿಂದ ಹುಡುಗಿಯ ದನಿ: "ಯಾರ್ರೀ ಅದು?"

"ಗೊತ್ತಿಲ್ಲ ಕಣೇ. ನಿಮ್ಮ ಕಡೇರಿರಬೇಕು."

"ನಮ್ಮ ಕಡೆ ಇಷ್ಟು ಎತ್ತರದೋರು ಯಾರೂ ಇಲ್ಲ. ನಿಮ್ಮ ಸೋದರತ್ತೇರಿರಬೇಕು. ಮದ್ವೆಗೆ ಬರಕ್ಕಾಗ್ಲಿಲ್ಲ ಅಂದ್ರಲ್ಲ!"

ಮದುವೆಯಾಗಿ ನಾಲ್ಕು ದಿನ. ಯಾರ ಕಡೆ ಯಾರು ಎಂದು ಇಬ್ಬರಿಗೂ ಇನ್ನೂ ಗೊತ್ತಿಲ್ಲ. ಹುಡುಗಿ ಸೆರಗು ಸರಿಮಾಡಿಕೊಂಡು ಓಡಿಬಂದು, ನಾನು ಬಾಯಿ ತೆರೆಯುವ ಮೊದಲೇ, ಮೂವರ ಒದ್ದೆ ಕಾಲಿಗೂ ಒಬ್ಬೊಬ್ಬರದಾಗಿ ನಮಸ್ಕಾರ ಮಾಡಿದಳು. ಗಂಡನೂ ಬಗ್ಗಿದ. ನರ್ಸುಗಳು ಕಕ್ಕಾಬಿಕ್ಕಿಯಾದರೂ ಕಾಲಿಗೆ ಬಿದ್ದವರನ್ನು ಹರಸದೆ ಬಿಡುತ್ತಾರೆಯೇ? ಮೂವರೂ ತಲೆ ಮುಟ್ಟಿ ಹರಸಿದರು. ನಗುವವರ ಮುಂಗೈಯಿಂದ ರಕ್ತ ಹೀರಿ ಉಬ್ಬಿದ ಒಂದು ಇಂಬಳ ಜಾರಿ ಹೊಸಿಲ ಮೇಲೆ ಬಿತ್ತು. ಹುಡುಗಿ ಕಿರುಚಿದಳು. ಕೆಳಗಿನಿಂದ ಆಪಾ, "ಏನದು ಗದ್ದಲ?" ಎಂದು ಕೂಗಿದರು.

ಎಲ್ಲರೂ ಕೆಳಗೆ ಬಂದೆವು. ಆಪಾರ ಕುರ್ಚಿಯ ಮುಂದೆ ಸಾಲಾಗಿ ನಿಂತೆವು, ಶಾಲೆಯಲ್ಲಿ ನಿಲ್ಲುವ ಹಾಗೆ. ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ತಿಂಗಳು ಮುಗಿಯಲು ಇನ್ನೂ ಹದಿನೆಂಟು ದಿನ. ಕರಾರಿನ ಷರತ್ತು ಅವಳಿಗೂ ಬಾಯಿಪಾಠ, ನನಗೂ ಬಾಯಿಪಾಠ.

"ಇವ್ರು ಜಾಗ ಇಲ್ದೆ ನಿಂತಿದ್ರಾ?" ಆಪಾ ನನ್ನನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆದರೆ ಅಷ್ಟು ವರ್ಷ ಸಾಕ್ಷಿಗೆ ರುಜು ಹಾಕಿದ ಕೈ ನನ್ನದು.

"ನಿಂತಿದ್ರು ಆಪಾ."

"ಎಲ್ಲಿ?"

"ಮೇಲಿನ್ ಬಾಗ್ಲಲ್ಲಿ. ಮೂರ್ ನಿಮಿಷ. ನಾಕೂ ಇರಬಹುದು."

ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಒಂದು ಮನೆಗೆ ಎರಡು ಕಡೇರ್ನ ಕರೆದೋರ್ ಯಾರು? ಇವಳಾ?"

"ಇವಳು ಕರೀಲಿಲ್ಲ."

"ಮತ್ತೆ? ಹೊರಟೋರ್ನ ತಿರುಗಿ ಬನ್ನಿ ಅಂದ ಬುದ್ಧಿವಂತ ಯಾರು?"

ಆಪಾ ನನಗೆ ಅಕ್ಷರ ಕಲಿಸಿದವರು. ಆದರೂ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. "ನೀವು ಆಪಾ. ಬೆಳಗ್ಗೆ ಇದೇ ಕುರ್ಚೀಲಿ ಕೂತು. ಜಾಕೋ ಆವ್ ಅಮ್ಮಾ ಅಂದ್ರಿ. ಇವತ್ತೇನಾ ಅಂತ ಅವ್ರು ಕೇಳಿದ್ರು. ಯಾವಾಗ ಬೇಕಾದ್ರೂ ಅಂದ್ರಿ. ತುಮಾರಾಚ್ ಘರ್ ಹೈ ಅಂತಾನೂ ಅಂದ್ರಿ."

ನರ್ಸುಗಳಿಗೆ ಕನ್ನಡ ಬಾರದು. ಆದರೆ ಆ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಮೂವರೂ ಒಟ್ಟಿಗೆ ತಲೆಯಾಡಿಸಿದರು. ಎತ್ತರದವರು ಫೋನ್ ತೆಗೆದು ರದ್ದಾದ ಟಿಕೆಟನ್ನು ತೋರಿಸಿದರು, ದಾಖಲೆಯ ಹಾಗೆ.

ಆಪಾ ಟಿಕೆಟ್ ನೋಡಿದರು. ಮೂವರನ್ನು ನೋಡಿದರು. ಅವರ ಸೀರೆ, ಚೂಡಿದಾರದಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಡುತ್ತಿತ್ತು. ಆಪಾರ ತುಟಿ ಅಲುಗಿತು. ಏನೋ ವ್ಯಾಕರಣ ಬಿಡಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಬೆತ್ತದ ಕುರ್ಚಿ ಕಿರಕಿರ ಎನ್ನತೊಡಗಿತು. ಆಪಾ ನಗುತ್ತಿದ್ದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆ, ಕಣ್ಣಲ್ಲಿ ನೀರು ಬರುವ ತನಕ. ಯಾಕೆಂದು ತಿಳಿಯದಿದ್ದರೂ ಮದುಮಕ್ಕಳೂ ನಕ್ಕರು. ನಗುವವರನ್ನಂತೂ ಹಿಡಿಯುವವರೇ ಇರಲಿಲ್ಲ.

"ನಲವತ್ತು ವರ್ಷ ಕ್ರಿಯಾಪದ ಪಾಠ ಮಾಡಿದೀನಿ ಕಣೋ," ಎಂದರು ಆಪಾ ಉಸಿರು ಹಿಡಿದುಕೊಂಡು. "ಬನ್ನಿ ಅಂದ್ರೆ ಬರ್ತಾರೆ. ಅವ್ರ ತಪ್ಪೇನಿದೆ?" ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಸುಮ್ನೆ ಯಾಕ್ ನಿಂತಿದೀಯೇ? ಕಡೂರಿನ ಹಾಸಿಗೆ ಬಿಚ್ಚು. ಇವ್ರು ನನ್ನ ಕೋಣೇಲಿ ಮಲಗ್ತಾರೆ."

"ಆಪಾ, ಕರಾರು?" ಎಂದಳು ಅವಳು, ಕೇಳಿಸುವುದೋ ಇಲ್ಲವೋ ಎನ್ನುವಂಥ ದನಿಯಲ್ಲಿ.

"ತಂಗಲು ಜಾಗವಿಲ್ಲದೆ ನಿಂತರೆ ಅಂತ ತಾನೇ ಬರೆಸಿರೋದು? ಜಾಗ ಬೆಳಗ್ಗೆಯಿಂದ ನನ್ನ ಕೋಣೇಲಿತ್ತು, ಇವ್ರ ಬ್ಯಾಗೂ ಅಲ್ಲೇ ಇತ್ತು. ಇವ್ರಿಗೆ ಗೊತ್ತಿರ್ಲಿಲ್ಲ, ಅಷ್ಟೇ. ಸಾಕ್ಷಿ ಏನಂತೀಯೋ?"

ಸಾಕ್ಷಿ ಒಪ್ಪಿದ. ಬ್ಯಾಗು ಮಂಚದ ಕೆಳಗೆ ಇದ್ದದ್ದು ನಾನೇ ಕಣ್ಣಾರೆ ಕಂಡದ್ದು.

ಬೆಳಗ್ಗೆ ನಾನು ನೋಡಿದಾಗ ಆಪಾರ ಕೋಣೆಯಲ್ಲಿ ನಾಲ್ವರೂ ಕೂತಿದ್ದರು. ಎತ್ತರದವರು ಆಪಾರ ಮಂಡಿ ನೀವುತ್ತಾ ಮೆಟ್ಟಿಲು ಹತ್ತುವ ವ್ಯಾಯಾಮ ಕಲಿಸುತ್ತಿದ್ದರು. ಆಪಾ ನಗುವವರಿಗೆ ಇಂಬಳ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುತ್ತಿದ್ದರು. ನರ್ಸುಗಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಆದರೆ ಹಚ್ಚಿಸಿಕೊಂಡರು.

ಹೊರಡುವ ಹೊತ್ತಾಯಿತು. ಜೀಪಿನವನು ಬ್ಯಾಗುಗಳನ್ನು ಹಿಂದೆ ಏರಿಸಿದ. ಎಲ್ಲರೂ ಆಪಾರ ಬಾಯಿ ನೋಡುತ್ತಿದ್ದೆವು. ಆಪಾ ಬಾಯಿ ಬಿಗಿಹಿಡಿದು ಕೂತಿದ್ದರು. ಕನ್ನಡಕದವರು ಬಗ್ಗಿ ತಬ್ಬಿಕೊಂಡರು. ಅಷ್ಟೇ ಸಾಕಾಯಿತು.

"ಜಾಕೋ ಆವ್ ಅಮ್ಮಾ," ಎಂದುಬಿಟ್ಟರು ಆಪಾ.

ಮೂವರೂ ಜೀಪಿನ ಮೆಟ್ಟಿಲ ಮೇಲಿನಿಂದ ಕಾಲು ಕೆಳಗಿಟ್ಟರು.

"ಏರ್ಸಲಾ, ಇಳಿಸ್ಲಾ? ಒಂದ್ ಮಾತ್ ಹೇಳ್ರೀ ಟೀಚರಮ್ಮಾ, ಬ್ಯಾಗ್ ಭಾರ ಐತೆ!" ಎಂದು ಜೀಪಿನವನು ಕೂಗಿದ. ಬೀದಿಯವರೆಲ್ಲ ನೋಡುವ ಹಾಗೆ ನಾವೆಲ್ಲ ನಕ್ಕೆವು. ಕೊನೆಗೆ ಹೆಂಡತಿಯೇ ಮುಂದೆ ಹೋಗಿ, ಮುಂದಿನ ವರ್ಷ ಬನ್ನಿ ಎಂದು ವರ್ಷವನ್ನು ಬೆರಳಲ್ಲಿ ತೋರಿಸಿ ಹೇಳಿ ಕಳಿಸಿದಳು. ಅವಳ ಮಾತಿನಲ್ಲಿ ಚಕ್ಕುಬಂದಿ ಸರಿಯಾಗಿತ್ತು.

ಜೀಪಿನ ಧೂಳು ಇಳಿಯುವ ಮೊದಲೇ ಪ್ಲಾಸ್ಟಿಕ್ ವ್ಯಾಪಾರಿ ಬಂದರು. ನಿನ್ನೆಯ ಗದ್ದಲ ಪೇಟೆಗೆ ಮುಟ್ಟಿರಬೇಕು. ಕೂತರು, ಚಹಾ ಕುಡಿದರು, ಮೇಲಂತಸ್ತಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಏನ್ ಮಾಡಿದ್ರಿ ಟೀಚರ್? ಈ ತಿಂಗ್ಳಿಂದ್ಲೇ ಸಾಮಾನು ತುಂಬ್ಲಾ?"

ಹೆಂಡತಿ ಅಡಿಗೆಮನೆಯ ಬಾಗಿಲ ಬಳಿ ಅಲುಗಾಡದೆ ನಿಂತಿದ್ದಳು. ಆಪಾ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು. ಕೈ ಮುಗಿದರು. ಅಚ್ಚ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ, "ಹೋಗಿ ಬನ್ನಿ" ಎಂದರು.

ವ್ಯಾಪಾರಿ ಇದೇ ಊರಲ್ಲಿ ಹುಟ್ಟಿ ಬೆಳೆದವರು. ಹೋದರು. ಮತ್ತೆ ಬರಲಿಲ್ಲ.